ಖಾಲಿ ನೆಲ, ತುಂಬಿದ ಮನೆ

ಪ್ರಶ್ನೆ: ನನ್ನ ತಂಗಿಯ ಮಗಳು ನರ್ಸ್. ಮಂಗಳೂರಿನಲ್ಲಿ ಓದಿ ಈಗ ಐದು ವರ್ಷದಿಂದ ಕೆನಡಾದ ವಿನಿಪೆಗ್‌ನಲ್ಲಿದ್ದಾಳೆ. ಉತ್ತರದ ನುನಾವುಟ್‌ನಲ್ಲಿ ರಾಂಕಿನ್ ಇನ್ಲೆಟ್ ಎಂಬ ಊರಿದೆಯಂತೆ, ಅಲ್ಲಿ ಎರಡು ವರ್ಷದ ಕೆಲಸ ಸಿಗುವ ಹಾಗಿದೆ, ಸಂಬಳ ಚೆನ್ನಾಗಿದೆ ಅನ್ನುತ್ತಾಳೆ. ನಕ್ಷೆ ತೆಗೆದು ನೋಡಿದೆ, ಗಾಬರಿಯಾಯಿತು. ಉತ್ತರದ ಮೂರು ಪ್ರದೇಶ ಸೇರಿದರೆ ನಮ್ಮ ದೇಶಕ್ಕಿಂತ ದೊಡ್ಡದು, ಜನ ಮಾತ್ರ ಒಂದು ಲಕ್ಷ ಚಿಲ್ಲರೆ! ಚಿನ್ನ, ವಜ್ರ ಎಲ್ಲ ಇದೆಯಂತೆ. ಟೊರಾಂಟೊದಲ್ಲಿ ಬಾಡಿಗೆ ಮನೆಗೆ ಒದ್ದಾಡುವವರನ್ನು ಅಲ್ಲಿಗೆ ಕಳಿಸಿ ಸರ್ಕಾರ ಆ ಜಾಗವನ್ನು ಅಭಿವೃದ್ಧಿ ಮಾಡಬಾರದೇ? ಅಷ್ಟು ಖಾಲಿ ಜಾಗದಲ್ಲಿ ಹುಡುಗಿಯೊಬ್ಬಳೇ ಇರಬಹುದೇ?
— ಓದುಗರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಹೋಗಲಿ. ಆದರೆ ಇರಲು ಮನೆ ಕೊಡುತ್ತಾರೋ ಇಲ್ಲವೋ ಎಂಬುದನ್ನು ಸಹಿ ಹಾಕುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಲಿ. ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದೇನೆ ಎಂಬುದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದೆ.

ನಾನು ಕಟ್ಟಡಗಳ ನೀರು, ಗಾಳಿ, ಹೀಟಿಂಗ್ ನೋಡಿಕೊಳ್ಳುವ ಇಂಜಿನಿಯರ್. ಉತ್ತರದ ಮೂರು ಪ್ರದೇಶಗಳಲ್ಲೊಂದಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೊನೈಫ್‌ನಲ್ಲಿ ಮನೆ ಮಾಡಿಕೊಂಡು ಉತ್ತರದ ಎಷ್ಟೋ ಊರುಗಳ ಮನೆಗಳ ಕೆಳಗೆ ತೆವಳಿದ್ದೇನೆ. ಅಕ್ಷರಶಃ ಕೆಳಗೆ. ಅಲ್ಲಿ ಮನೆಗಳು ನೆಲದ ಮೇಲೆ ಕೂರುವುದಿಲ್ಲ, ಕಂಬಗಳ ಮೇಲೆ ನಿಲ್ಲುತ್ತವೆ. ಕೆಳಗಿನ ಮಣ್ಣು ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ಮನೆಯ ಬಿಸಿ ತಾಗಿದರೆ ಕರಗಿ ಕೆಸರಾಗಿ ಕಟ್ಟಡ ವಾಲುತ್ತದೆ. ಹಾಗಾಗಿ ನೆಲಕ್ಕೂ ಮನೆಗೂ ನಡುವೆ ಗಾಳಿಯಾಡಲು ಜಾಗ ಬಿಡುತ್ತಾರೆ. ನಮ್ಮ ಕಡೆ ಮನೆ ಕಟ್ಟುವವನು ತಂಪಿಗೆ ಒದ್ದಾಡುತ್ತಾನೆ. ಅಲ್ಲಿಯವನು ಒಳಗೆ ಬಿಸಿ ಬೇಕು, ಕೆಳಗೆ ತಣ್ಣಗಿರಬೇಕು ಎಂದು ಎರಡು ಕಡೆಗೂ ಒದ್ದಾಡುತ್ತಾನೆ.

ನೀವು ಹೇಳಿದ ಲೆಕ್ಕ ಸರಿ. ಯುಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್, ನುನಾವುಟ್ ಸೇರಿ ಸುಮಾರು 39 ಲಕ್ಷ ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಮೂರರಲ್ಲೂ ಸೇರಿ 1,18,160 ಜನ. ನಮ್ಮ ಚಿಕ್ಕಮಗಳೂರು ನಗರವೊಂದರಲ್ಲೇ 2011ರಲ್ಲಿ ಹೆಚ್ಚುಕಡಿಮೆ ಅಷ್ಟು ಜನ ಇದ್ದರು. ನುನಾವುಟ್ ಒಂದೇ ಕರ್ನಾಟಕದ ಹನ್ನೊಂದರಷ್ಟಿದೆ, ಜನ 36,858. ಇಷ್ಟನ್ನು ಓದಿದವರಿಗೆ "ಖಾಲಿ" ಅನ್ನಿಸುವುದು ಸಹಜ. ಆದರೆ ಆ 36,858 ಜನ 20 ಲಕ್ಷ ಚದರ ಕಿಲೋಮೀಟರಿನಲ್ಲಿ ಹರಡಿಕೊಂಡಿಲ್ಲ. 25 ಊರುಗಳಲ್ಲಿ ಒತ್ತೊತ್ತಾಗಿದ್ದಾರೆ. ಒಂದೂರಿನಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ವಿಮಾನ, ಬೇಸಿಗೆಯಲ್ಲಿ ಹಡಗು, ಚಳಿಗಾಲದಲ್ಲಿ ಸ್ನೋಮೊಬೈಲ್, ಅಷ್ಟೆ. ಊರೊಳಗೆ ಹೋದರೆ ಕಾಣುವುದು ಜನರ ಕೊರತೆಯಲ್ಲ, ಮನೆಗಳ ಕೊರತೆ. ಇನುಯಿಟರೆಂದರೆ ಈ ಉತ್ತರದ ಮೂಲನಿವಾಸಿಗಳು; ಕೆನಡಾದ ಇನುಯಿಟ್ ನಾಡುಗಳಲ್ಲಿ ವಾಸಿಸುವ ಇನುಯಿಟರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಕ್ಕಟ್ಟಿನ ಮನೆಗಳಲ್ಲಿದ್ದಾರೆ ಎಂದು ಅದೇ ಜನಗಣತಿ ಹೇಳುತ್ತದೆ.

ಒಂದು ಮನೆ ತೋರಿಸುತ್ತೇನೆ. ಊರು ಆರ್ವಿಯಟ್, ರಾಂಕಿನ್‌ಗೆ ದಕ್ಷಿಣಕ್ಕೆ ಹಡ್ಸನ್ ಕೊಲ್ಲಿಯ ದಂಡೆಯಲ್ಲಿದೆ. ಮೂರು ಮಲಗುವ ಕೋಣೆ, ಹನ್ನೊಂದು ಜನ. ಅಜ್ಜಿ, ಇಬ್ಬರು ಮಕ್ಕಳು, ಅವರ ಸಂಸಾರ, ಜೊತೆಗೆ ಬೇರೆಲ್ಲೂ ಜಾಗ ಸಿಗದ ಅಣ್ಣನ ಮಗ. ರಾತ್ರಿ ಸರದಿಯಲ್ಲಿ ನಿದ್ದೆ. ಹುಡುಗ ರಾತ್ರಿಯೆಲ್ಲ ಎಚ್ಚರವಿದ್ದು, ಚಿಕ್ಕವರು ಶಾಲೆಗೆ ಹೋದ ಮೇಲೆ ಅವರ ಹಾಸಿಗೆಯಲ್ಲಿ ಮಲಗುತ್ತಿದ್ದ. ನೀರಿನ ಪೈಪಿಲ್ಲ. ಮನೆಯೊಳಗೆ ಸಾವಿರದ ಚಿಲ್ಲರೆ ಲೀಟರಿನ ಟ್ಯಾಂಕ್, ಲಾರಿ ಬಂದು ತುಂಬಿಸಿ ಹೋಗುತ್ತದೆ. ಕೊಳಚೆಗೆ ಇನ್ನೊಂದು ಟ್ಯಾಂಕ್, ಅದನ್ನು ಎಳೆದುಕೊಳ್ಳಲು ಇನ್ನೊಂದು ಲಾರಿ. ಕೊಳಚೆ ಟ್ಯಾಂಕ್ ತುಂಬಿದರೆ ನೀರಿನ ಪಂಪ್ ತಾನಾಗಿ ನಿಲ್ಲುತ್ತದೆ. ನೀರಿದ್ದರೂ ನಲ್ಲಿಯಲ್ಲಿ ಬರುವುದಿಲ್ಲ. ಹಿಮಗಾಳಿ ಎದ್ದು ಎರಡು ದಿನ ಲಾರಿ ಬರದಿದ್ದರೆ ಹನ್ನೊಂದು ಜನ ಕೈ ತೊಳೆಯುವುದು ಹೇಗೆ, ನೀವೇ ಊಹಿಸಿ.

ನನ್ನನ್ನು ಕರೆದದ್ದು ಗೋಡೆಯ ಬೂಷ್ಟಿಗೆ. ಹಾಸಿಗೆ ಸರಿಸಿ ನೋಡಿದರೆ ಹಿಂದೆ ಕರಿ ಕಂಬಳಿ ಹೊದಿಸಿದ ಹಾಗಿತ್ತು. ಗಾಳಿ ಬದಲಿಸುವ ಯಂತ್ರದ ಕಿಂಡಿಗೆ ಯಾರೋ ಹಳೇ ಸ್ವೆಟರ್ ತುರುಕಿದ್ದರು. ತಪ್ಪು ಅವರದು ಎನ್ನಲಾಗುವುದಿಲ್ಲ. ಹೊರಗೆ ಮೈನಸ್ 40 ಇರುವಾಗ ಕಿಂಡಿಯಿಂದ ನೇರ ಮಗುವಿನ ತಲೆಗೆ ಗಾಳಿ ಹೊಡೆಯುತ್ತಿದ್ದರೆ ನಾನೂ ತುರುಕುತ್ತಿದ್ದೆ. ಹನ್ನೊಂದು ಜನರ ಉಸಿರು, ಅಡುಗೆಯ ಹಬೆ, ಒಣಹಾಕಿದ ಬಟ್ಟೆ, ಎಲ್ಲದರ ತೇವವೂ ತಣ್ಣಗಿನ ಗೋಡೆಯಲ್ಲಿ ಇಳಿಯುತ್ತದೆ. ಆ ಯಂತ್ರವನ್ನು ನಾಲ್ಕು ಜನರ ಲೆಕ್ಕದಲ್ಲಿ ಕೂರಿಸಿದ್ದರು. ನಾನು ಬದಲಿಸಬಹುದಾಗಿದ್ದು ಫಿಲ್ಟರ್ ಮಾತ್ರ.

ನಿಮ್ಮ ತಂಗಿಯ ಮಗಳು ಆಸ್ಪತ್ರೆಯಲ್ಲಿ ನೋಡುವುದು ಇದೇ ಗೋಡೆಯ ಇನ್ನೊಂದು ಮುಖ. ಕೆನಡಾದಂಥ ಶ್ರೀಮಂತ ದೇಶದಲ್ಲಿ ಕ್ಷಯ ಎಂದರೆ ನಂಬುವುದು ಕಷ್ಟ. ಆದರೆ ಇನುಯಿಟರಲ್ಲಿ ಟಿಬಿಯ ಪ್ರಮಾಣ ಕೆನಡಾದಲ್ಲಿ ಹುಟ್ಟಿದ ಮೂಲನಿವಾಸಿಗಳಲ್ಲದ ಜನರಿಗಿಂತ ಸುಮಾರು 300 ಪಟ್ಟು ಎಂಬುದು 2016ರ ಲೆಕ್ಕ. 2030ರೊಳಗೆ ನಿರ್ಮೂಲನೆ ಮಾಡುತ್ತೇವೆ ಎಂದು 2018ರಲ್ಲಿ ಕೇಂದ್ರ ಸರ್ಕಾರ ಮಾತು ಕೊಟ್ಟಿತು. 2021ರ ನವೆಂಬರಿನಲ್ಲಿ ಪಾಂಗ್ನಿರ್ಟಂಗ್ ಎಂಬ ಊರಿನಲ್ಲಿ ಟಿಬಿ ಹಬ್ಬಿದೆ ಎಂದು ಘೋಷಿಸಬೇಕಾಯಿತು. ಮಾತ್ರೆ ಇದೆ, ಪರೀಕ್ಷೆ ಇದೆ. ಆದರೆ ಕೆಮ್ಮುವವನನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂದರೆ ಬೇರೆ ಕೋಣೆ ಎಲ್ಲಿದೆ? ಓದುವ ಹುಡುಗಿಗೆ ಮೂಲೆ ಎಲ್ಲಿ? ಗಂಡ ಹೊಡೆದರೆ ಹೆಂಡತಿ ಓಡಿಹೋಗಲು ಮನೆ ಎಲ್ಲಿ? ಯುವಕರ ಆತ್ಮಹತ್ಯೆ ಎಷ್ಟು ಹೆಚ್ಚಿತೆಂದರೆ 2015ರಲ್ಲಿ ನುನಾವುಟ್‌ನ ಸರ್ಕಾರದ ಮುಖ್ಯಸ್ಥರೇ ಅದನ್ನು ಬಿಕ್ಕಟ್ಟು ಎಂದು ಸಾರಿದರು. ಅದಕ್ಕೆ ಮನೆಯೊಂದೇ ಕಾರಣ ಎನ್ನುವಷ್ಟು ದಡ್ಡ ನಾನಲ್ಲ. ಅಲ್ಲಿ ಅದನ್ನು ತಡೆಯಲು ಹೆಣಗುತ್ತಿರುವವರ ಮಾತಿನಲ್ಲಿ ಮಾತ್ರ ಮನೆಯ ವಿಷಯ ಬರದೇ ಇದ್ದದ್ದನ್ನು ನಾನು ಕೇಳಿಲ್ಲ.

ಇನ್ನು "ಸರ್ಕಾರ ಜನರನ್ನು ಕಳಿಸಬಾರದೇ" ಎಂಬ ಮಾತು. ಕಳಿಸಿ ನೋಡಿದ್ದಾರೆ. ಅದೇ ಈ ಕಥೆಯ ಬೇರು.

ಇನುಯಿಟರು ಊರು ಕಟ್ಟಿಕೊಂಡು ಕೂತವರಲ್ಲ. ಕ್ಯಾರಿಬೂ ಎಂಬ ಜಿಂಕೆ, ಸೀಲ್, ಮೀನು ಯಾವ ತಿಂಗಳು ಎಲ್ಲಿ ಸಿಗುತ್ತದೋ ಅಲ್ಲಿಗೆ ಸಣ್ಣ ಗುಂಪುಗಳಲ್ಲಿ ಓಡಾಡುತ್ತಿದ್ದವರು. ನಿಮಗೆ ನಕ್ಷೆಯಲ್ಲಿ ಖಾಲಿ ಕಂಡದ್ದು ಅವರ ಉಗ್ರಾಣ. ಎರಡನೇ ಮಹಾಯುದ್ಧದ ನಂತರ ಸರ್ಕಾರ ಶಾಲೆ, ದಾದಿ, ಭತ್ಯೆ ಎಲ್ಲವನ್ನೂ ಕೆಲವೇ ಜಾಗಗಳಲ್ಲಿ ಇಟ್ಟು, ಬೇಕಿದ್ದರೆ ಅಲ್ಲಿಗೆ ಬನ್ನಿ ಎಂದಿತು. ಮನೆ ಕೊಡುತ್ತೇವೆ ಎಂಬ ಭರವಸೆಯೂ ಅದರ ಜೊತೆ ಇತ್ತು. ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ದರು. ನುನಾವುಟ್ ಪೂರ್ವದ ಬ್ಯಾಫಿನ್ ದ್ವೀಪದ ಭಾಗದಲ್ಲಿ 1950ರಿಂದ 1975ರ ನಡುವೆ ನಡೆದ ಸ್ಥಳಾಂತರ, ಎಳೆಬಂಡಿಯ ನಾಯಿಗಳನ್ನು ಗುಂಡಿಟ್ಟು ಕೊಂದದ್ದು, ಇವುಗಳಿಗೆ ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2019ರಲ್ಲಿ. 1953 ಮತ್ತು 1955ರಲ್ಲಿ ಕ್ವಿಬೆಕ್ ಉತ್ತರದ ಇನುಕ್‌ಜುವಾಕ್‌ನಿಂದ ಕುಟುಂಬಗಳನ್ನು ಎರಡು ಸಾವಿರ ಕಿಲೋಮೀಟರ್ ಆಚೆಗೆ, ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್ ಎಂಬ ಜಾಗಗಳಿಗೆ ಹಡಗಿನಲ್ಲಿ ಸಾಗಿಸಿದರು. ಬೇಟೆ ಹೇರಳ ಎಂದು ನಂಬಿಸಿದ್ದರು. ಹೋಗಿ ನೋಡಿದರೆ ತಿಂಗಳುಗಟ್ಟಲೆ ಸೂರ್ಯ ಹುಟ್ಟದ ಕತ್ತಲು. ನಿರ್ಜನ ದ್ವೀಪಗಳಲ್ಲಿ ಕೆನಡಾದ ಜನ ಇದ್ದಾರೆ ಎಂದು ತೋರಿಸಲು ತಮ್ಮನ್ನು ಬಾವುಟದ ಕಂಬದ ಹಾಗೆ ನೆಟ್ಟರು ಎಂದು ಆ ಕುಟುಂಬಗಳು ಇಂದಿಗೂ ಹೇಳುತ್ತವೆ. ಅದರ ಕ್ಷಮೆ 2010ರಲ್ಲಿ ಬಂತು. ಕ್ಷಯ ಬಂದವರನ್ನು ಹಡಗಿನ ಮೇಲೇ ಎಕ್ಸ್‌ರೇ ತೆಗೆದು, ಮನೆಯವರಿಗೆ ಸರಿಯಾಗಿ ಹೇಳಲೂ ಬಿಡದೆ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದರು. 1956ರ ಹೊತ್ತಿಗೆ ಇನುಯಿಟರಲ್ಲಿ ಏಳಕ್ಕೆ ಒಬ್ಬರು ಅಲ್ಲಿದ್ದರು. ಕೆಲವರ ಗೋರಿ ಎಲ್ಲಿದೆ ಎಂಬುದೇ ಮನೆಯವರಿಗೆ ದಶಕಗಳ ಕಾಲ ಗೊತ್ತಾಗಲಿಲ್ಲ. ಹೀಗಾಗಿ ಎಕ್ಸ್‌ರೇಗೆ ಬರಲು ಅಜ್ಜಿಯೊಬ್ಬರು ಹಿಂದೇಟು ಹಾಕಿದರೆ ಅದು ತಿಳಿವಳಿಕೆಯ ಕೊರತೆಯಲ್ಲ, ನೆನಪು. ಇದನ್ನು ನಿಮ್ಮ ತಂಗಿಯ ಮಗಳಿಗೆ ತಪ್ಪದೆ ಹೇಳಿ.

ರಾಂಕಿನ್ ಇನ್ಲೆಟ್ ಕಥೆಯೂ ಹೀಗೆಯೇ. ನಿಕ್ಕಲ್ ಗಣಿಗಾಗಿ ಹುಟ್ಟಿದ ಊರು ಅದು. 1957ರಲ್ಲಿ ಗಣಿ ಶುರುವಾಯಿತು, ಬೇಟೆ ಬಿಟ್ಟು ಬಂದ ಇನುಯಿಟರು ಕೆಲಸಕ್ಕೆ ಸೇರಿದರು. ಅದೇ ಸಮಯಕ್ಕೆ ಒಳನಾಡಿನಲ್ಲಿ ಕ್ಯಾರಿಬೂ ಸಿಗದೆ ಹಸಿವಿನಿಂದ ಜನ ಸತ್ತು, ಉಳಿದವರಲ್ಲಿ ಕೆಲವರನ್ನೂ ಇಲ್ಲಿಗೆ ತಂದರು. 1962ರಲ್ಲಿ ಅದಿರು ಮುಗಿಯಿತು, ಗಣಿ ಮುಚ್ಚಿತು, ಜನ ಉಳಿದರು. ಆಮೇಲೆ ಏನೇನೋ ಪ್ರಯೋಗ. ಹಂದಿ, ಕೋಳಿ ಸಾಕಿಸಿದರಂತೆ. ಮೇವು ಇಲ್ಲವಲ್ಲ, ಮೀನು ತಿನ್ನಿಸಿದರು, ಮಾಂಸವೆಲ್ಲ ಮೀನು ನಾರತೊಡಗಿ ಯಾರಿಗೂ ಬೇಡವಾಯಿತು. ಈಗ ಊರಿನ ಉತ್ತರಕ್ಕೆ ಮೆಲಿಯಡೀನ್ ಚಿನ್ನದ ಗಣಿ 2019ರಿಂದ ನಡೆಯುತ್ತಿದೆ. ಊರಿನ ಜನಸಂಖ್ಯೆ 2,975.

ಚಿನ್ನ-ವಜ್ರ ಇದ್ದೂ ಅಭಿವೃದ್ಧಿ ಯಾಕಿಲ್ಲ ಎಂದರೆ, ಗಣಿಯ ಕೆಲಸಗಾರರಲ್ಲಿ ಹೆಚ್ಚಿನವರು ಎರಡು ವಾರಕ್ಕೆ ದಕ್ಷಿಣದಿಂದ ವಿಮಾನದಲ್ಲಿ ಬಂದು ಎರಡು ವಾರಕ್ಕೆ ವಾಪಸ್ ಹೋಗುವವರು. ಅವರ ಸಂಬಳವೂ ಅದೇ ವಿಮಾನದಲ್ಲಿ ಹೋಗುತ್ತದೆ. ನಾನಿದ್ದ ಯೆಲ್ಲೊನೈಫ್‌ನಲ್ಲಿ ಜೈಂಟ್ ಎಂಬ ಚಿನ್ನದ ಗಣಿ 1948ರಿಂದ 2004ರವರೆಗೆ ನಡೆಯಿತು. ಕಂಪನಿ ಮುಳುಗಿತು, ನೆಲದಡಿ 2,37,000 ಟನ್ ಆರ್ಸೆನಿಕ್ ಪುಡಿ ಉಳಿಯಿತು. ಅದು ನೀರಿಗೆ ಸೇರದಂತೆ ಸುತ್ತಲ ಬಂಡೆಯನ್ನು ಹೆಪ್ಪುಗಟ್ಟಿಸಿ ಇಡುವ ಕೆಲಸ ನಡೆಯುತ್ತಿದೆ. ಖರ್ಚಿನ ಅಂದಾಜು 400 ಕೋಟಿ ಡಾಲರ್ ದಾಟಿದೆ, ತೆರುವುದು ಸರ್ಕಾರ. 1991ರಲ್ಲಿ ಲಾಕ್ ಡಿ ಗ್ರಾ ಸರೋವರದ ಬಳಿ ವಜ್ರ ಸಿಕ್ಕಿತು. 1998ರಲ್ಲಿ ಎಕಾಟಿ, 2003ರಲ್ಲಿ ಡಯಾವಿಕ್ ಎಂಬ ಗಣಿಗಳು ಶುರುವಾದವು. ಈಗ ಆ ಸುಗ್ಗಿಯೂ ಮುಗಿಯುತ್ತಾ ಬಂದಿದೆ. ಅದೇ ಸೀಮೆಯಲ್ಲಿ ಓಡಾಡುವ ಬಾಥರ್ಸ್ಟ್ ಕ್ಯಾರಿಬೂ ಹಿಂಡು 1986ರಲ್ಲಿ ನಾಲ್ಕೂವರೆ ಲಕ್ಷಕ್ಕೂ ಮೇಲಿತ್ತು, 2018ರ ಎಣಿಕೆಗೆ ಎಂಟು ಸಾವಿರ ಚಿಲ್ಲರೆ. ಗಣಿಯಿಂದಲೇ ಹೀಗಾಯಿತು ಎಂದು ಒಬ್ಬರು, ಹವಾಮಾನ ಎಂದು ಒಬ್ಬರು, ಬೇಟೆ ಎಂದು ಮತ್ತೊಬ್ಬರು. ವಾದ ಮುಗಿದಿಲ್ಲ. ಆದರೆ ಊಟದ ತಟ್ಟೆ ಖಾಲಿಯಾದವರು ಯಾರೆಂಬುದರಲ್ಲಿ ವಾದವಿಲ್ಲ.

ಹಾಗೆಂದು ಅಲ್ಲಿಯ ಜನ ಗಣಿಯೇ ಬೇಡ ಎನ್ನುವವರಲ್ಲ. ಬ್ಯಾಫಿನ್ ದ್ವೀಪದ ಮೇರಿ ರಿವರ್ ಕಬ್ಬಿಣದ ಗಣಿಯ ವಿಷಯದಲ್ಲಿ ಅವರು ಹಾಕಿದ ಗೆರೆ ಸ್ಪಷ್ಟವಾಗಿತ್ತು. ಕಂಪನಿ ಸಾಗಣೆಯನ್ನು ದುಪ್ಪಟ್ಟು ಮಾಡಲು, ಬಂದರಿಗೆ 110 ಕಿಲೋಮೀಟರ್ ರೈಲು ಹಾಕಲು ಹೊರಟಿತು. ಹಡಗುಗಳ ಸದ್ದಿಗೆ ನಾರ್ವಾಲ್ ತಿಮಿಂಗಿಲಗಳು ದೂರ ಹೋಗುತ್ತಿವೆ ಎಂದು 2021ರ ಫೆಬ್ರುವರಿಯಲ್ಲಿ, ಆ ಚಳಿಯಲ್ಲಿ, ಬೇಟೆಗಾರರ ಒಂದು ಗುಂಪು ಗಣಿಯ ವಿಮಾನಪಟ್ಟಿ, ರಸ್ತೆ ಎರಡನ್ನೂ ಅಡ್ಡಗಟ್ಟಿ ಕೂತಿತು. ಪರಿಶೀಲನಾ ಮಂಡಳಿ ಬೇಡ ಎಂದಿತು. 2022ರ ನವೆಂಬರಿನಲ್ಲಿ ಕೇಂದ್ರ ಸಚಿವರೂ ಬೇಡ ಎಂದರು. ಈಗಿರುವ ಗಣಿ ನಡೆಯುತ್ತಿದೆ.

ಆ ದನಿ ಹುಟ್ಟಿದ್ದು ಇನುಯಿಟರಿಗೂ ಕೆನಡಾ ಸರ್ಕಾರಕ್ಕೂ ಆದ 1993ರ ಭೂ ಒಪ್ಪಂದದಿಂದ. ಅದರ ಫಲವಾಗಿ 1999ರ ಏಪ್ರಿಲ್ 1ರಂದು ನುನಾವುಟ್ ಪ್ರತ್ಯೇಕ ಪ್ರದೇಶವಾಯಿತು. ಇನುಕ್ಟಿಟುಟ್ ಭಾಷೆಯಲ್ಲಿ "ನಮ್ಮ ನೆಲ" ಎಂದರ್ಥ. ಶಾಸನಸಭೆಯಲ್ಲಿ ಪಕ್ಷಗಳಿಲ್ಲ, 22 ಸದಸ್ಯರು ಕೂತು ತಮ್ಮೊಳಗೇ ಮುಖ್ಯಸ್ಥರನ್ನು ಆರಿಸುತ್ತಾರೆ. ನಮ್ಮಲ್ಲಿಯ ರೆಸಾರ್ಟ್ ರಾಜಕೀಯ ನೋಡಿ ಬೇಸತ್ತವರಿಗೆ ಇದು ಚೆಂದ ಕಾಣಬಹುದು. ಆದರೆ ಹಣಕ್ಕೆ ಒಟ್ಟಾವಾದ ಕೇಂದ್ರ ಸರ್ಕಾರದ ಕಡೆಗೇ ನೋಡಬೇಕು. ವರಮಾನದ ಐದರಲ್ಲಿ ನಾಲ್ಕು ಪಾಲು ಅಲ್ಲಿಂದಲೇ ಬರುವುದು. ಭೂಮಿ ಮತ್ತು ಖನಿಜಗಳ ಅಧಿಕಾರ ಹಸ್ತಾಂತರದ ಒಪ್ಪಂದಕ್ಕೆ 2024ರ ಜನವರಿಯಲ್ಲಷ್ಟೇ ಸಹಿ ಬಿತ್ತು, ಜಾರಿಗೆ 2027ರ ಏಪ್ರಿಲ್ ಗಡುವು. ಜನರಲ್ಲಿ ಶೇ. 85ರಷ್ಟು ಇನುಯಿಟರಿರುವಾಗ ಸರ್ಕಾರಿ ನೌಕರರಲ್ಲೂ ಅಷ್ಟೇ ಪಾಲು ಇರಬೇಕೆಂಬುದು ಒಪ್ಪಂದದ ಆಶಯ. ಕಾಲು ಶತಮಾನ ಕಳೆದರೂ ಅರ್ಧದ ಆಸುಪಾಸಿನಲ್ಲೇ ನಿಂತಿದೆ. ಈ ಅರ್ಧದ ಹಿಂದೆಯೂ ಮನೆ ಇದೆ ನೋಡಿ. ದಕ್ಷಿಣದಿಂದ ಬರುವ ಮೇಷ್ಟ್ರು, ದಾದಿ, ಅಧಿಕಾರಿಗೆ ಸಾಮಾನ್ಯವಾಗಿ ಕ್ವಾರ್ಟರ್ಸ್ ಸಿಗುತ್ತದೆ. ಅದೇ ಊರಲ್ಲಿ ಹುಟ್ಟಿ ಅದೇ ಕೆಲಸಕ್ಕೆ ಸೇರಿದವಳು ಹಲವು ಸಲ ಅಮ್ಮನ ಮನೆಯ ಸೋಫಾದ ಮೇಲೆ ಮಲಗಿ ಡ್ಯೂಟಿಗೆ ಹೋಗಬೇಕು. ಇದರ ಅಸಮಾಧಾನ ಯಾರೂ ನಿಮ್ಮ ತಂಗಿಯ ಮಗಳ ಮುಖದೆದುರು ಆಡುವುದಿಲ್ಲ. ಆದರೆ ಇದೆ.

ಹಾಗಾದರೆ ಮನೆ ಕಟ್ಟಿಬಿಡಬಾರದೇ? 2030ರೊಳಗೆ 3,000 ಮನೆ ಎಂಬ ಯೋಜನೆಯನ್ನು ನುನಾವುಟ್ 2022ರಲ್ಲಿ ಘೋಷಿಸಿತು. ಕಷ್ಟ ಏನೆಂದರೆ ಮರ, ಮೊಳೆ, ಕಿಟಕಿ, ಕಮೋಡು ಎಲ್ಲವೂ ಬೇಸಿಗೆಯ ಹಡಗಿನಲ್ಲೇ ಬರಬೇಕು. ಮಂಜುಗಡ್ಡೆ ಬಿಟ್ಟುಕೊಡುವ ಮೂರ್ನಾಲ್ಕು ತಿಂಗಳಲ್ಲಿ ಊರಿಗೆ ಎರಡೋ ಮೂರೋ ಹಡಗು. ಒಮ್ಮೆ ನಮ್ಮದೊಂದು ಕೆಲಸಕ್ಕೆ ಬಾಯ್ಲರ್ ಬಂತು, ಅದರ ಒಂದು ಕವಾಟ ಬರಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ವಿಮಾನದಲ್ಲಿ ತರಿಸೋಣವೆಂದರೆ ಆ ಅಳತೆಯದ್ದು ತಯಾರಾಗುವ ಹೊತ್ತಿಗೆ ಚಳಿ ಹಿಡಿಯಿತು, ಕೆಲಸಗಾರರು ಹೋದರು. ಐದು ಸಂಸಾರ ಒಂದು ವರ್ಷ ಕಾದವು. ಹೀಗೆಲ್ಲ ಸೇರಿ ಮನೆಯ ಖರ್ಚು ದಕ್ಷಿಣದ ಎರಡು-ಮೂರು ಪಟ್ಟಾಗುತ್ತದೆ. ಕರೆಂಟು 25 ಊರಿಗೂ ಬೇರೆ ಬೇರೆ ಡೀಸೆಲ್ ಸ್ಥಾವರದಿಂದ, ಒಂದು ಊರಿನದು ಇನ್ನೊಂದಕ್ಕೆ ಹೋಗುವುದಿಲ್ಲ. ರಾಜಧಾನಿ ಇಕಾಲುಯಿಟ್‌ನಲ್ಲೇ 2021ರ ಅಕ್ಟೋಬರಿನಲ್ಲಿ ನಲ್ಲಿ ನೀರಿಗೆ ಇಂಧನ ಬೆರೆತು, ಸುಮಾರು ಎರಡು ತಿಂಗಳು ಜನ ಬಾಟಲಿ ನೀರು, ಹೊಳೆ ನೀರು ಕುಡಿದರು.

ಇದಿಷ್ಟೂ ನುನಾವುಟ್ ಮಾತಾಯಿತು. ಯುಕಾನ್ ಬೇರೆ ಲೋಕ. ಅಲ್ಲಿಗೆ 1942ರಿಂದಲೇ ಹೆದ್ದಾರಿ ಇದೆ, ಜನರಲ್ಲಿ ಹತ್ತಕ್ಕೆ ಏಳು ಮಂದಿ ರಾಜಧಾನಿ ವೈಟ್‌ಹಾರ್ಸ್‌ನಲ್ಲೇ ಇದ್ದಾರೆ, ಹೊರಗಿನಿಂದ ಬಂದು ನೆಲೆಸುವವರು ಹೆಚ್ಚುತ್ತಿದ್ದಾರೆ. ಯೆಲ್ಲೊನೈಫ್‌ಗೂ ರಸ್ತೆಯಿದೆ, ಆದರೆ ದಕ್ಷಿಣಕ್ಕೆ ಒಂದೇ. 2023ರ ಆಗಸ್ಟಿನಲ್ಲಿ ಕಾಳ್ಗಿಚ್ಚು ಹತ್ತಿರ ಬಂದಾಗ ಸುಮಾರು 20,000 ಜನರ ಊರು ಆ ಒಂದೇ ರಸ್ತೆಯಲ್ಲಿ, ಸಿಕ್ಕ ವಿಮಾನಗಳಲ್ಲಿ ಖಾಲಿಯಾಯಿತು. ಮೂರು ವಾರ ಬಿಟ್ಟು ವಾಪಸಾದರು. ನಿಜವಾಗಿ ಖಾಲಿಯಾದ ಉತ್ತರವನ್ನು ಅಲ್ಲಿಯವರು ಕಂಡದ್ದು ಆಗಲೇ.

ಈಗ ನಿಮ್ಮ ಮನೆಯ ವಿಷಯ. ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ನೆಲೆಸುವ ಹಕ್ಕಿನ ಆಸೆಯಿಂದ ಹೋಗುತ್ತಿದ್ದರೆ, ಯುಕಾನ್ ಮತ್ತು ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ ಇರುವ, ಅಲ್ಲಿಯ ಸರ್ಕಾರವೇ ಪಿಆರ್‌ಗೆ ಹೆಸರು ಸೂಚಿಸುವ ನಾಮನಿರ್ದೇಶನದ ದಾರಿ ನುನಾವುಟ್‌ಗೆ ಇಲ್ಲ ಎಂಬುದು ಗೊತ್ತಿರಲಿ. ಕೆಲಸ ವಿನಿಪೆಗ್ ವಾರ್ಡಿನ ಹಾಗಿರುವುದಿಲ್ಲ. ನುನಾವುಟ್‌ಗೆಲ್ಲ ಪೂರ್ಣ ಆಸ್ಪತ್ರೆ ಇಕಾಲುಯಿಟ್‌ನಲ್ಲಿ ಒಂದೇ. ರಾಂಕಿನ್‌ನಲ್ಲಿ ದೊಡ್ಡ ಆರೋಗ್ಯ ಕೇಂದ್ರವಿದೆ, ಸಣ್ಣ ಊರುಗಳಲ್ಲಿ ದಾದಿಯೇ ಎಲ್ಲ. ಕೈಮೀರಿದರೆ ರೋಗಿಯನ್ನು ವಿಮಾನದಲ್ಲಿ ವಿನಿಪೆಗ್‌ಗೆ, ಹತ್ತಿರ ಹತ್ತಿರ ಒಂದೂವರೆ ಸಾವಿರ ಕಿಲೋಮೀಟರ್. ಅಕ್ಕಪಕ್ಕದ ಊರಿನ ಗರ್ಭಿಣಿಯರು ಹೆರಿಗೆಗೆ ವಾರಗಟ್ಟಲೆ ಮೊದಲೇ ಮನೆ, ಮಕ್ಕಳನ್ನು ಬಿಟ್ಟು ಹೊರಡಬೇಕು. ರಾಂಕಿನ್‌ನಲ್ಲಿ 1993ರಲ್ಲಿ ಹೆರಿಗೆ ಕೇಂದ್ರ ತೆರೆದದ್ದು ಆ ಹೆಂಗಸರ ಪಾಲಿಗೆ ಎಷ್ಟು ದೊಡ್ಡದು ಎಂಬುದು ಅವಳಿಗೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ. ಆರು ವಾರಕ್ಕೆ ಬಂದು ಹೋಗುವ ದಾದಿಯರನ್ನು ನೋಡಿ ನೋಡಿ ಜನ ಸುಸ್ತಾಗಿದ್ದಾರೆ. ಎರಡು ವರ್ಷ ಇರುತ್ತೇನೆ ಎಂದರೆ ಮೊದಲ ಆರು ತಿಂಗಳು ನಂಬುವುದಿಲ್ಲ.

ಅಕ್ಕಿ ಅಂಗಡಿಯಲ್ಲಿ ಸಿಗುತ್ತದೆ, ಸರ್ಕಾರದ ರಿಯಾಯಿತಿ ಕಳೆದ ಮೇಲೂ ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ತೊಗರಿಬೇಳೆ, ಹುಣಸೆ, ಸಾರಿನ ಪುಡಿಯನ್ನು ವರ್ಷದ ಲೆಕ್ಕ ಹಾಕಿ ಬೇಸಿಗೆಯ ಹಡಗಿಗೆ ಹಾಕಿಸಲಿ. ಆರ್ಡರ್ ಕೊನೆಯ ದಿನ ವಸಂತದಲ್ಲೇ ಮುಗಿದುಹೋಗುತ್ತದೆ, ಈಗಲೇ ವಿಚಾರಿಸಲಿ. ಮೀನು ತಿನ್ನುವವಳಾದರೆ ಅಲ್ಲಿಯ ಆರ್ಕ್ಟಿಕ್ ಚಾರ್ ಬಿಟ್ಟು ಬೇರೇನೂ ಬೇಕಿಲ್ಲ, ಯಾರಾದರೂ ತಂದುಕೊಡುತ್ತಾರೆ. ಬೇಡ ಅನ್ನಬಾರದು.

ಒಬ್ಬಳೇ ಹೇಗಿರುತ್ತಾಳೆ ಎಂದು ಕೇಳಿದಿರಿ. ಆ ಊರುಗಳಲ್ಲಿ ನೆಂಟರಿಷ್ಟರ ಮನೆಗೆ ಬಾಗಿಲು ತಟ್ಟಿ ಹೋಗುವ ರೂಢಿ ಇಲ್ಲ. ತಟ್ಟಿದರೆ ಪೊಲೀಸರೋ ಹೊರಗಿನವರೋ ಇರಬೇಕು ಎಂದುಕೊಳ್ಳುತ್ತಾರೆ. ಪರಿಚಯವಾದವರು ಸೀದಾ ಒಳಗೆ ಬಂದು, ಬೂಟು ಕಳಚಿ, ಕೂತುಬಿಡುತ್ತಾರೆ. ಮಾತಾಡಲೇಬೇಕೆಂದೂ ಇಲ್ಲ. ನನ್ನ ಬಾಡಿಗೆ ಕೋಣೆಗೆ ಹೀಗೆ ಬಂದ ಮುದುಕರೊಬ್ಬರು ಎರಡು ಲೋಟ ಟೀ ಕುಡಿದು, ಕಿಟಕಿಯಿಂದ ಗಾಳಿ ನೋಡಿ, ನಾಳೆ ನಿಮ್ಮ ವಿಮಾನ ಬರುವುದಿಲ್ಲ ಎಂದು ಹೇಳಿ ಎದ್ದು ಹೋದರು. ಬರಲಿಲ್ಲ.